ದುರ್ಗ ಕಾಯ್ದ ನೀರು

ಕೇಳುಗ ಬಂಧುಗಳಿಗೆ ನಮಸ್ಕಾರ.

ಚಿತ್ರದುರ್ಗದ ಕೋಟೆ ಅಂದಕೂಡಲೇ ಎಲ್ಲರ ಬಾಯಲ್ಲೂ ಬರುವುದು ‘ಏಳು ಸುತ್ತಿನ ಕೋಟೆ’. ಸುತ್ತು ಎಣಿಸಿ, ಬತೇರಿ (ಕಾವಲಿನ ಬುರುಜು) ನೋಡಿ, ಫೋಟೊ ತೆಗೆಸಿಕೊಂಡು ಜನ ಬೆಟ್ಟ ಇಳಿದುಬಿಡುತ್ತಾರೆ. ನಾನು ಇವತ್ತು ಹೇಳುವುದು ಒಂದೇ ಮಾತು. ಈ ದುರ್ಗವನ್ನು ಕಾಯ್ದದ್ದು ನೀರು. ಗೋಡೆ ಎಷ್ಟೇ ದಪ್ಪ ಇರಲಿ, ಒಳಗೆ ಕುಡಿಯುವ ನೀರು ತೀರಿದ ದಿನ ಬಾಗಿಲು ತೆಗೆಯಲೇಬೇಕು.

ನಮ್ಮದು ಬಯಲುಸೀಮೆ. ಬೀಳುವ ಮಳೆಯೇ ಕಡಿಮೆ. ಬಿದ್ದದ್ದೂ ಬೋಳು ಬಂಡೆಯ ಮೇಲೆ ನಿಲ್ಲದೆ ಗಳಿಗೆಯಲ್ಲಿ ಜಾರಿಹೋಗುತ್ತದೆ. ಹಿರಿಯರು ಅದನ್ನು ಹಿಡಿದು ನಿಲ್ಲಿಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೋಟಾರಿಲ್ಲ, ಪೈಪಿಲ್ಲ, ಎಲ್ಲ ಇಳಿಜಾರಿನ ಕೆಲಸ. ಹೂಳು ಮೇಲಿನ ಹೊಂಡದಲ್ಲೇ ಕೂತು, ಕೆಳಗಿನದಕ್ಕೆ ತಿಳಿನೀರು ಇಳಿಯುತ್ತದೆ.

ಈ ಬುದ್ಧಿ ಬಹಳ ಹಳೆಯದು. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನ ಇದೆ, 4ನೇ ಶತಮಾನದ್ದು. ಅವನು ಗೆದ್ದ ರಾಜರ ಹೆಸರುಗಳು ಅದರಲ್ಲಿವೆ, ನಿಜ. ಆದರೆ ಶಾಸನ ಬರೆಸಿದ್ದು ಯಾತಕ್ಕೆ? ಒಂದು ಕೆರೆಗಾಗಿ! ದುರ್ಗದ ನಾಯಕರಲ್ಲಿ ಮೊದಲಿಗ ಮತ್ತಿ ತಿಮ್ಮಣ್ಣ ನಾಯಕ ಆಳ್ವಿಕೆಗೆ ಬಂದದ್ದು 1568ರಲ್ಲಿ. ಅದಕ್ಕೂ ಸಾವಿರ ವರ್ಷ ಮೊದಲೇ ಇಲ್ಲಿ ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಕೂತಿತ್ತು.

ಈಗ ಓಬವ್ವನ ವಿಷಯಕ್ಕೆ ಬರುತ್ತೇನೆ. ಕಥೆ ಗೊತ್ತು ಅನ್ನುತ್ತೀರಿ. ಗೊತ್ತಿದ್ದರೂ ಇನ್ನೊಮ್ಮೆ ಕೇಳಿ, ನನ್ನ ಅಜ್ಜಿ ಹೇಳುತ್ತಿದ್ದ ಹಾಗೆ. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿದೆ. ಬತೇರಿ ಕಾಯುವ ಕಹಳೆ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾನೆ. ಹೆಂಡತಿ ಓಬವ್ವ ಬಡಿಸಿದ್ದಾಳೆ. ಕೊಡದಲ್ಲಿ ನೀರಿಲ್ಲ. ಕೊಡ ಎತ್ತಿಕೊಂಡು ಹತ್ತಿರದ ತಣ್ಣೀರು ದೋಣಿಗೆ ಹೊರಟಳು. ದೋಣಿ ಅಂದರೆ ಬಂಡೆಯ ಸಂದಿನಲ್ಲಿ ನೀರು ನಿಲ್ಲುವ ತಾವು. ಅಲ್ಲಿ ಗುಸುಗುಸು ಕೇಳಿಸಿತು. ಬಗ್ಗಿ ನೋಡಿದರೆ, ಕಿಂಡಿಯೊಳಗಿಂದ ಒಬ್ಬ ಸಿಪಾಯಿ ತೆವಳಿಕೊಂಡು ಬರುತ್ತಿದ್ದಾನೆ.

ಇಲ್ಲಿಗೆ ಬಂದಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು. “ಉಣ್ಣಾಕೆ ಕುಂತ ಗಂಡನ್ನ ಎಬ್ಬಿಸಬಾರ್ದು ಅಂದ್ಕೊಂಡ್ಳು ಕಣಪ್ಪ, ಮನೇಗೆ ಹೋಗಿ ಒನಕೆ ತಂದ್ಳು.” ಆ ಮೇಲೆ ಅಜ್ಜಿಯ ಎರಡೂ ಕೈ ಮೇಲಕ್ಕೆ ಹೋಗುತ್ತಿದ್ದವು, ಭತ್ತ ಕುಟ್ಟುವಾಗ ಹೋಗುವ ಹಾಗೆಯೇ. ಕಿಂಡಿಯಲ್ಲಿ ಒಬ್ಬನೇ ನುಸುಳಬೇಕು, ಅದೂ ತಲೆ ಮುಂದೆ ಚಾಚಿ. ತಲೆ ಹೊರಬಂದದ್ದೇ ತಡ, ಒಂದು ಏಟು. ಹೆಣ ಪಕ್ಕಕ್ಕೆ ಎಳೆಯುವುದು, ಮುಂದಿನವನಿಗೆ ಕಾಯುವುದು. ಊಟ ಮುಗಿಸಿ ಬಂದ ಗಂಡ ಹೆಣದ ರಾಶಿ ಕಂಡು ಕಹಳೆ ಊದಿದ, ಕೋಟೆ ಎಚ್ಚೆತ್ತಿತು. ಓಬವ್ವ ಉಳಿಯಲಿಲ್ಲ.

ಗಮನಿಸಿ. ಅವಳು ಅಲ್ಲಿಗೆ ಹೋದದ್ದು ಒಂದು ಕೊಡ ನೀರಿಗೆ. ದೋಣಿಯಲ್ಲಿ ನೀರಿಲ್ಲದೆ ಹೋಗಿದ್ದರೆ ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಸಮಯ ಆಗುತ್ತಾ ಬಂತು. ಕೋವಿಮದ್ದು ಬೀಸುವ ಕಲ್ಲು, ಎಣ್ಣೆ ಕೊಳ, ಹಿಡಿಂಬೇಶ್ವರನ ಗುಡಿ, ಒಂದೊಂದಕ್ಕೂ ಒಂದೊಂದು ದಿನ ಬೇಕು. 1779ರಲ್ಲಿ ದುರ್ಗ ಹೈದರನ ಪಾಲಾಯಿತು, ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಒಳಗಿನವರೇ ಕೈಕೊಟ್ಟರು ಎನ್ನುತ್ತಾರೆ. ದುರ್ಗ ಬಾಯಾರಿ ಸೋತಿತು ಎಂಬ ಮಾತನ್ನು ಮಾತ್ರ ನಾನು ಎಲ್ಲೂ ಕೇಳಿಲ್ಲ.

ಒಂದು ಬೇಸರ ಹೇಳಿಕೊಳ್ಳುತ್ತೇನೆ. ಕಿಂಡಿಯ ಮುಂದೆ ಸರದಿ ನಿಲ್ಲುವ ಜನ ತಣ್ಣೀರು ದೋಣಿಯ ಕಡೆ ತಿರುಗಿಯೂ ನೋಡುವುದಿಲ್ಲ. ನೀರು ಕುಡಿದ ಪ್ಲಾಸ್ಟಿಕ್ ಬಾಟಲಿಯನ್ನು ಹೊಂಡಕ್ಕೇ ಎಸೆಯುವವರನ್ನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಕೂರಿಸಿ, ನೀರು ಯಾವ ಕಡೆಯಿಂದ ಬಂತು, ಯಾವ ಕಡೆ ಹೋಗುತ್ತದೆ ಎಂದು ಕೇಳಿ. ಅವರೇ ಬೆರಳು ಮಾಡಿ ತೋರಿಸುತ್ತಾರೆ. ಏಳು ಸುತ್ತು ಆಮೇಲೆ ಎಣಿಸಬಹುದು.

ನಮಸ್ಕಾರ.