ಆನೆಗೆ ಹತ್ತು ಹಲ್ಲು

ಮೂರು ದಿನದಿಂದ ಮಳೆ ರಜೆ. ನಮ್ಮ ಕೊಡಗಿನ ಕಕ್ಕಡ, ಅಂದರೆ ಜುಲೈ–ಆಗಸ್ಟ್ ತಿಂಗಳ ಮಳೆ ಗೊತ್ತಲ್ಲ, ಹಿಡಿದರೆ ಬಿಡಲ್ಲ. ಸಿದ್ದಾಪುರದ ಹತ್ತಿರ ನಮ್ಮ ಮನೆ. ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಕ್ಕನ ಮಗಳು, ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದ ಅವಳ ಗೆಳೆಯ, ಇಬ್ಬರೂ ಸೇರಿ ಮನೆ ತಲೆಕೆಳಗು ಮಾಡುವ ಮೊದಲೇ ಈ ಡಬ್ಬ ಮುಂದಿಟ್ಟೆ. ಪ್ಲೈವುಡ್ ಆನೆಯ ಕಿಟ್. ಒಂದು ಮೋಟಾರ್, ಎರಡು ಪೆನ್ಸಿಲ್ ಸೆಲ್, ಒಂದಷ್ಟು ಗೇರ್.

ಒಂದು ಗಂಟೆ ಸಾಕು ಅಂತ ಡಬ್ಬದ ಮೇಲಿದೆ. ಬರೆದವರು ಕೊಡಗಿನ ಮಳೆಗಾಲ ನೋಡಿಲ್ಲ ಬಿಡಿ. ತೇವಕ್ಕೆ ಪ್ಲೈವುಡ್ ಊದಿಕೊಂಡು ಒಂದು ತುಂಡೂ ತೂತಿಗೆ ಇಳಿಯಲಿಲ್ಲ. ಕಾಲು, ಕಿವಿ, ಸೊಂಡಿಲು ಎಲ್ಲವನ್ನೂ ಮೊರದಲ್ಲಿ ಹರಡಿ ಸೌದೆ ಒಲೆ ಪಕ್ಕ ಇಟ್ಟೆವು. ಮೊದಲ ದಿನ ಅಷ್ಟೇ.

ಎರಡನೇ ದಿನ ಗೇರ್. ಚಿಕ್ಕದಕ್ಕೆ 8 ಹಲ್ಲು, ದೊಡ್ಡದಕ್ಕೆ 40. ಚಿಕ್ಕದು ಐದು ಸುತ್ತಿದರೆ ದೊಡ್ಡದು ಒಂದು. ಇಂಥ ಜೋಡಿ ಮೂರು. ಹುಡುಗಿ ಬೆರಳು ಮಡಚಿ ಮಗ್ಗಿ ಹೇಳಿದಳು, "ಐದೈದ್ಲಿ ಇಪ್ಪತ್ತೈದು, ಇಪ್ಪತ್ತೈದೈದ್ಲಿ ನೂರಿಪ್ಪತ್ತೈದು!" ಮೋಟಾರ್ 125 ಸುತ್ತು ಹಾಕಿದರೆ ಕಾಲಿಗೆ ಒಂದೇ ಸುತ್ತು. ವೇಗ ಕಮ್ಮಿ, ಬಲ ಜಾಸ್ತಿ. ಸುತ್ತುವುದು ಹೆಜ್ಜೆ ಆಗೋದು ಹೇಗೆ ಅಂತ ಕೇಳಿದಳು. ಅಜ್ಜಿಯ ಹೊಲಿಗೆ ಮೆಷಿನ್ ತೋರಿಸಿದೆ. ಅಲ್ಲಿ ಪಾದ ತುಳಿದರೆ ಚಕ್ರ ತಿರುಗುತ್ತೆ. ಇಲ್ಲಿ ಚಕ್ರ ತಿರುಗಿದರೆ ಪಾದ ಏಳುತ್ತೆ.

ಸೆಲ್ ಹಾಕಿದೆವು. ಆನೆ ಹಿಂದಕ್ಕೆ ಹೋಯಿತು! ಮೋಟಾರಿನ ಎರಡು ವೈರ್ ಅದಲು ಬದಲು ಮಾಡಿದ ಮೇಲೆ ಮುಂದಕ್ಕೆ ಬಂತು. ನಾನಂತೂ ಮುಗೀತು ಅಂದುಕೊಂಡೆ.

ಹುಡುಗ ಮಾತ್ರ ನೆಲಕ್ಕೆ ಕೆನ್ನೆ ಇಟ್ಟು ನೋಡುತ್ತಿದ್ದ. "ಅಕ್ಕ, ಆನೆ ಹೀಗೆ ನಡೆಯಲ್ಲ. ಇದು ನಾಯಿ ಓಡೋ ಥರ ಇದೆ."

ಅವನಿಗೆ ಗೊತ್ತಿಲ್ಲದೆ ಇರುತ್ತಾ? ತೋಟಕ್ಕೆ ಆನೆ ಬಂದಿದೆ ಅಂತ ಎಷ್ಟು ಸಲ ಸ್ಕೂಲಿಗೆ ಹೋಗದೆ ಕೂತಿದ್ದಾನೆ. ಫೋನಿನಲ್ಲಿ ದುಬಾರೆ ಆನೆ ಶಿಬಿರದ ಹಳೇ ವಿಡಿಯೋ ಇತ್ತು, ನಿಧಾನ ಮಾಡಿ ನೋಡಿದೆವು. ಎಡಗಡೆ ಹಿಂಗಾಲು, ಆಮೇಲೆ ಅದೇ ಕಡೆ ಮುಂಗಾಲು. ಮತ್ತೆ ಬಲಗಡೆ ಹಿಂಗಾಲು, ಮುಂಗಾಲು. ನಮ್ಮ ಆನೆಗೋ ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೇ ಏಳುತ್ತಿತ್ತು.

ಅಂದರೆ ಮುಂಗಾಲಿನ ಗೇರನ್ನು ಕಾಲು ಸುತ್ತು ಸರಿಸಬೇಕು. ಕಾಲಿಗೆ ಕಾಲು ಸುತ್ತು, ಅಲ್ವಾ! 40 ಹಲ್ಲಲ್ಲಿ ಕಾಲು ಭಾಗ ಅಂದರೆ 10. ಮೊದಲ ಸಲ ಉಲ್ಟಾ ದಿಕ್ಕಿಗೆ ಸರಿಸಿದೆವು, ಹಿಂಗಾಲಿಗಿಂತ ಅದೇ ಕಡೆಯ ಮುಂಗಾಲೇ ಮೊದಲು ಎದ್ದಿತು. ಮತ್ತೆ ಬಿಚ್ಚಿ, ತಪ್ಪಿದ್ದಕ್ಕೆ 10, ಬೇಕಾದ್ದಕ್ಕೆ 10, ಒಟ್ಟು ಆಚೆಗೆ 20 ಹಲ್ಲು. ಈಗ ನೋಡಿ, ಒಂದು ಪಕ್ಕಕ್ಕೆ ವಾಲಿಕೊಂಡು, ತೂಗಿಕೊಂಡು ಬರ್ತಾ ಇದೆ. ಹುಡುಗ ಏನೂ ಹೇಳಲಿಲ್ಲ, ಸುಮ್ನೆ ದಾರಿ ಬಿಟ್ಟು ಹಿಂದೆ ಸರಿದು ಕೂತ.

ಇದು ರೋಬೋಟ್ ಹೌದಾ ಅಂತ ನೀವು ಕೇಳಬಹುದು. ಕಣ್ಣಿಲ್ಲ, ಕಿವಿ ಬರೀ ಮರದ್ದು. ನಿಜ ಹೇಳಬೇಕೆಂದರೆ ಅಲ್ಲ, ಅದರ ದಾಯಾದಿ ಅನ್ನಿ. ಇಂಗ್ಲೆಂಡಿನ ಮಿದುಳು ವಿಜ್ಞಾನಿ ಗ್ರೇ ವಾಲ್ಟರ್ 1948–49ರಲ್ಲಿ ಎಲ್ಮರ್, ಎಲ್ಸಿ ಅಂತ ಎರಡು ಯಂತ್ರದ ಆಮೆ ಮಾಡಿದ್ದರು. ಬೆಳಕು ಕಂಡರೆ ಅದರ ಕಡೆ ಹೋಗುತ್ತಿದ್ದವು, ಏನಾದರೂ ತಗುಲಿದರೆ ದಾರಿ ಬದಲಿಸುತ್ತಿದ್ದವು. ಮುಂದಿನ ವಿಡಿಯೋದಲ್ಲಿ ನಮ್ಮ ಆನೆಗೂ ಒಂದು ಕಣ್ಣು ಇಡೋಣ ಅಂತಿದ್ದೇನೆ.

ಆನೆ ಸಿಕ್ಕರೆ ಆ ಮಾತು. ರಾತ್ರಿ ಹುಡುಗ ಅದನ್ನು ಕೊಡೆಯೊಳಗೆ ಅವಚಿಕೊಂಡು ಮನೆಗೆ ಒಯ್ದ. ಬೆಳಿಗ್ಗೆ ಬಂದು, "ಅಕ್ಕ, ಇನ್ನೂ ಎರಡು ಹಲ್ಲು ಸರಿಸಿ ನೋಡಿದೆ, ಮರಿಯಾನೆ ಥರ ನಡೀತು" ಅಂದ. ನನ್ನ ಸ್ಕ್ರೂಡ್ರೈವರ್ ಇನ್ನೂ ವಾಪಸ್ ಬಂದಿಲ್ಲ.