ಬುಲೆಟ್ ಟ್ರೇನಿನ ದಾರಿಯಲ್ಲೊಂದು ಮಿರಜ್: ನಾಗಸಾಕಿಗೆ ಹೋಗುವಾಗ ಗಾಡಿ ಯಾಕೆ ಬದಲಿಸಬೇಕು?

[ದೃಶ್ಯ: ಟಕೆಯೊ-ಓನ್ಸೆನ್ ಸ್ಟೇಷನ್. ಒಂದೇ ಪ್ಲಾಟ್‌ಫಾರಂ. ಎಡಕ್ಕೆ ಕಡು ಬೂದು ಬಣ್ಣದ ಗಾಡಿ, ಬಲಕ್ಕೆ ಬಿಳಿ-ಕೆಂಪು ಬುಲೆಟ್ ಟ್ರೇನ್. ಜನ ಅಲ್ಲಿಂದ ಇಳಿದು ಇಲ್ಲಿ ಹತ್ತುತ್ತಿದ್ದಾರೆ.]

"ಯಾಕವಾ, ಇಲ್ಲೇ ಇಳೀಬೇಕೇನು? ಇದು ಮಿರಜ್ ಆತಲ್ಲ!"

ನಮಸ್ಕಾರ ಎಲ್ಲರಿಗೂ. ಈಗ ಕೇಳಿದ್ದು ನಮ್ಮ ಅವ್ವನ ದನಿ. ಮಿರಜ್ ಅಂದರೆ ಮಹಾರಾಷ್ಟ್ರದ ರೈಲ್ವೆ ಜಂಕ್ಷನ್, ಅದರ ಕಥೆ ಆಮೇಲೆ ಹೇಳ್ತೀನಿ. ಹುಬ್ಬಳ್ಳಿಯಿಂದ ಜಪಾನಿಗೆ, ಫುಕುಒಕಾದ ನನ್ನ ಮನೆಗೆ ಬಂದಿದ್ದಳು. ಬಂದ ದಿನದಿಂದ ಒಂದೇ ಮಾತು: ಬುಲೆಟ್ ಟ್ರೇನ್ ಹತ್ತಬೇಕು. ಸರಿ, ಹೊಸದನ್ನೇ ತೋರಿಸೋಣ ಅಂತ ನಾಗಸಾಕಿಗೆ ಟಿಕೆಟ್ ತೆಗೆಸಿದೆ. ಪಶ್ಚಿಮ ಕ್ಯುಶು ಶಿಂಕಾನ್ಸೆನ್. ಶಿಂಕಾನ್ಸೆನ್ ಅಂದರೆ ಬುಲೆಟ್ ಟ್ರೇನಿನ ಮಾರ್ಗ. ಶುರುವಾಗಿದ್ದು 2022ರ ಸೆಪ್ಟೆಂಬರ್ 23ರಂದು. ಗಾಡಿಯ ಹೆಸರು ಕಾಮೊಮೆ, ಅಂದರೆ ಕಡಲಹಕ್ಕಿ.

ಹತ್ತಿದ್ದು ಫುಕುಒಕಾದ ಹಕಾತ ಸ್ಟೇಷನ್ನಿನಲ್ಲಿ. ಆದರೆ ಅಲ್ಲಿ ಬಂದಿದ್ದು ಬುಲೆಟ್ ಟ್ರೇನ್ ಅಲ್ಲ, ಸಾಧಾರಣ ಹಳಿಯ ಎಕ್ಸ್‌ಪ್ರೆಸ್. ಒಂದು ಗಂಟೆ ಅದರಲ್ಲಿ ಕೂತು, ಟಕೆಯೊ-ಓನ್ಸೆನ್‌ನಲ್ಲಿ ಇಳಿದು, ಎದುರಿಗೆ ನಿಂತ ಬುಲೆಟ್ ಟ್ರೇನ್ ಹತ್ತಬೇಕು. ಅದರಲ್ಲಿ ಬರೀ 23 ನಿಮಿಷ. ಅಷ್ಟಕ್ಕೇ ನಾಗಸಾಕಿ ಬಂದುಬಿಡುತ್ತದೆ.

66 ಕಿಲೋಮೀಟರ್ ಮಾತ್ರ. ಜಪಾನಿನ ಅತಿ ಚಿಕ್ಕ ಶಿಂಕಾನ್ಸೆನ್ ಮಾರ್ಗ ಇದು. ಒಟ್ಟು ಐದೇ ಸ್ಟೇಷನ್. ಜಪಾನಿನ ಬೇರೆ ಯಾವ ಶಿಂಕಾನ್ಸೆನ್ ಮಾರ್ಗಕ್ಕೂ ಇದರ ಹಳಿ ಕೂಡುವುದಿಲ್ಲ.

ಅವ್ವ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟೆಲ್ಲ ಬಲ್ಲ ಜಪಾನ್, ಮಧ್ಯದಲ್ಲಿ ಯಾಕೆ ಇಳಿಸುತ್ತೆ? ಹುಡುಕುತ್ತಾ ಹೋದೆ. ಹೋದಷ್ಟೂ ಅವ್ವನ ಮಾತೇ ಸರಿ ಅನ್ನಿಸಿತು.

[ದೃಶ್ಯ: ಮೇಜಿನ ಮೇಲೆ ಅಳತೆ ಟೇಪು.]

ಬುಲೆಟ್ ಟ್ರೇನ್ ಅಂದ್ರೇನು, ಎಷ್ಟು ವೇಗ, ಇದೆಲ್ಲ ನಿಮಗೆ ಗೊತ್ತೇ ಇದೆ. ನನಗೆ ಬೇಕಾಗಿರುವುದು ಒಂದೇ ಅಳತೆ: ಎರಡು ಹಳಿಗಳ ನಡುವಿನ ಅಗಲ. ಗೇಜ್ ಅನ್ನುತ್ತೇವಲ್ಲ, ಅದು. ಶಿಂಕಾನ್ಸೆನ್ ಹಳಿಯ ಗೇಜ್ 1,435 ಮಿಲಿಮೀಟರ್. ಜಪಾನಿನ ಹಳೆಯ, ಸಾಧಾರಣ ಹಳಿ 1,067. ವ್ಯತ್ಯಾಸ 368 ಮಿಲಿಮೀಟರ್. ಟೇಪಿನ ಪಕ್ಕದಲ್ಲಿ ಕೈ ಇಟ್ಟು ನೋಡಿ, ಒಂದೂವರೆ ಗೇಣಿಗಿಂತ ಚೂರು ಜಾಸ್ತಿ, ಅಷ್ಟೇ. ಆ ಒಂದೂವರೆ ಗೇಣಿಗೋಸ್ಕರ ದಿನವೂ ಜನ ಇಳಿದು ಹತ್ತುತ್ತಾರೆ.

ಈಗ ಮಿರಜ್. ಚಿಕ್ಕವಯಸ್ಸಿನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳ್ತೀನಿ. ಮೊದಲು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮಿರಜ್‌ವರೆಗೆ ಇದ್ದದ್ದು ಮೀಟರ್ ಗೇಜ್. ಅಗಲ ಒಂದು ಮೀಟರ್. ಮಿರಜ್‌ನಿಂದ ಮುಂಬೈ ಕಡೆಗೆ ಬ್ರಾಡ್ ಗೇಜ್, 1,676 ಮಿಲಿಮೀಟರ್. ಹಾಗಾಗಿ ಮುಂಬೈಗೆ ಹೋಗುವವರೆಲ್ಲ ಮಿರಜ್‌ನಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕಿತ್ತು. 1980ರ ದಶಕದಲ್ಲಿ ಅವ್ವ ದಾದರಿನಲ್ಲಿದ್ದ ಅಣ್ಣನ ಮನೆಗೆ ಹೋಗುತ್ತಿದ್ದದ್ದು ಹೀಗೇ. ತಗಡಿನ ಟ್ರಂಕು, ಹಾಸಿಗೆ ಸುರುಳಿ, ನೀರಿನ ತಂಬಿಗೆ, ಕಂಕುಳಲ್ಲಿ ನಮ್ಮಣ್ಣ. ಹಮಾಲನ ತಲೆ ಮೇಲೆ ಟ್ರಂಕು ಇಟ್ಟು, ಅವನು ಕಣ್ಣು ತಪ್ಪಿಸಿ ಎಲ್ಲಿ ಹೋದಾನೋ ಅಂತ ಅವನ ಹಿಂದೆಯೇ ಓಡುವುದು. ಸರಕಿನದೂ ಅದೇ ಪಾಡು. ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು.

ನಮ್ಮ ಕಡೆಯ ಹಳಿಗಳೆಲ್ಲ ಬ್ರಾಡ್ ಗೇಜ್ ಆಗಿದ್ದು ಹೆಚ್ಚಾಗಿ 1990ರ ದಶಕದಲ್ಲಿ. ಅಲ್ಲಿಗೆ ಮಿರಜ್‌ನ ಓಡಾಟ ಮುಗಿಯಿತು. ಅವ್ವನ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ಇತ್ತು.

[ದೃಶ್ಯ: ಸಾಗಾ ಊರಿನ ಹಳೆಯ ಮನೆ. ತಗ್ಗಿನ ಚಾವಣಿ.]

ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ. ಈ ವಿಡಿಯೋ ಮಾಡಿದ್ದೇ ಈ ಮನೆಗೋಸ್ಕರ ಅಂದರೂ ತಪ್ಪಿಲ್ಲ.

ಇದು ಒಕುಮಾ ಶಿಗೆನೊಬು ಹುಟ್ಟಿದ ಮನೆ. 1838ರಲ್ಲಿ ಹುಟ್ಟಿದವರು. ಎರಡು ಸಲ ಜಪಾನಿನ ಪ್ರಧಾನಿಯಾದವರು. ವಾಸೆದಾ ವಿಶ್ವವಿದ್ಯಾಲಯ ಕಟ್ಟಿದವರು. ಅದಕ್ಕೂ ಮೊದಲು, ಇನ್ನೂ 30ರ ಆಸುಪಾಸಿನ ಯುವಕನಾಗಿದ್ದಾಗ, ಜಪಾನಿಗೆ ರೈಲು ಬೇಕೇ ಬೇಕು ಅಂತ ಪಟ್ಟು ಹಿಡಿದವರಲ್ಲಿ ಇವರೂ ಒಬ್ಬರು.

ಆಗ ವಿರೋಧ ಸಣ್ಣದಲ್ಲ. ರೈಲಿಗೆ ಯಾಕೆ ದುಡ್ಡು, ಸೈನ್ಯಕ್ಕೆ ಕೊಡಿ ಅಂತ ದೊಡ್ಡ ದೊಡ್ಡವರೇ ಹೇಳಿದರು. ಟೋಕಿಯೊ ಹತ್ತಿರ ಸೈನ್ಯದ ಇಲಾಖೆ ತನ್ನ ಜಾಗಕ್ಕೆ ಸರ್ವೆಯವರನ್ನು ಬಿಡಲೇ ಇಲ್ಲ. ಒಕುಮಾ ಏನು ಮಾಡಿದರು ಗೊತ್ತಾ? ನೆಲ ಕೊಡದಿದ್ದರೆ ಸಮುದ್ರದಲ್ಲೇ ಹಾಕಿ ಅಂದರು! ದಡಕ್ಕೆ ಹತ್ತಿರದ ನೀರಿನಲ್ಲಿ ಸುಮಾರು 2.7 ಕಿಲೋಮೀಟರ್ ಕಲ್ಲಿನ ಒಡ್ಡು ಕಟ್ಟಿ, ಅದರ ಮೇಲೆ ಹಳಿ ಹಾಸಿದರು. ಆಮೇಲೆ ಸಮುದ್ರ ಮುಚ್ಚಿ ಊರು ಬೆಳೆಯಿತು, ಒಡ್ಡು ಮಣ್ಣಿನಡಿ ಸೇರಿತು. 2019ರಲ್ಲಿ ಟೋಕಿಯೊದ ತಕನಾವಾದಲ್ಲಿ ಕೆಲಸ ನಡೆಯುವಾಗ ಅದರ ಕಲ್ಲುಗಳು ಮತ್ತೆ ಕಣ್ಣಿಗೆ ಬಿದ್ದವು. ಎಂಥ ಗಟ್ಟಿ ಮನುಷ್ಯ ಅಲ್ವಾ?

ಇಷ್ಟು ಗಟ್ಟಿ ಮನುಷ್ಯ ಒಂದು ಕಡೆ ಮಾತ್ರ ಸುಮ್ನೆ ತಲೆ ಆಡಿಸಿದರು. ಹಳಿಯ ಅಗಲ ಎಷ್ಟಿರಲಿ ಅನ್ನುವ ಪ್ರಶ್ನೆ ಬಂತು. ಬ್ರಿಟನ್ನಿನಿಂದ ಬಂದಿದ್ದ ಮುಖ್ಯ ಇಂಜಿನಿಯರ್ ಎಡ್ಮಂಡ್ ಮೊರೆಲ್. ಗೇಜ್ ಅಂದರೆ ಏನು ಅಂತಲೇ ಆಗ ತನಗೆ ಸರಿಯಾಗಿ ಗೊತ್ತಿರಲಿಲ್ಲ ಅಂತ ಒಕುಮಾ ಮುಂದೆ ನೆನಪಿಸಿಕೊಂಡಿದ್ದಾರೆ. ಬಡ ದೇಶ, ಬೆಟ್ಟ ಜಾಸ್ತಿ, ಕಿರಿದಾದ ಹಳಿಯೇ ಸಾಕು ಅಂತ ಆಯಿತು. 1,067 ಮಿಲಿಮೀಟರ್. ಅದು ತನ್ನ ಬದುಕಿನ ದೊಡ್ಡ ತಪ್ಪು ಅಂತ ಕೊನೆಗೆ ಅವರೇ ಒಪ್ಪಿಕೊಂಡರು.

1872ರ ಅಕ್ಟೋಬರ್ 14ರಂದು ಜಪಾನಿನ ಮೊದಲ ರೈಲಿನ ಉದ್ಘಾಟನೆ ಆಯಿತು. ಶಿಂಬಾಶಿಯಿಂದ ಯೊಕೊಹಾಮಾಗೆ, 29 ಕಿಲೋಮೀಟರ್. ಕಾಮೊಮೆ ಹೊರಟಿದ್ದು 2022ರ ಸೆಪ್ಟೆಂಬರ್ 23ಕ್ಕೆ. ಲೆಕ್ಕ ಹಾಕಿ. ಆ ಹಳಿಗೆ 150 ವರ್ಷ ತುಂಬಲು ಸರಿಯಾಗಿ ಮೂರು ವಾರ ಬಾಕಿ. ಆ ಹೊಸ ಬುಲೆಟ್ ಟ್ರೇನಿನ ದಾರಿ ಎಲ್ಲಿ ತುಂಡಾಗಿದೆ? ಸಾಗಾ ಪ್ರಾಂತ್ಯದಲ್ಲಿ. ಒಕುಮಾ ಹುಟ್ಟಿದ ನೆಲದಲ್ಲೇ. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಮರುವಾರವೇ ಸಾಗಾಕ್ಕೆ ಹೋಗಿ ಈ ಮನೆ ಮುಂದೆ ನಿಂತೆ.

ಇನ್ನೊಂದು ಮಾತು. ಜಪಾನ್ ಕಿರಿದಾದ ಹಳಿ ಆರಿಸಿಕೊಂಡ ಅದೇ ಕಾಲಕ್ಕೆ, 1870ರಲ್ಲಿ, ವೈಸರಾಯ್ ಮೇಯೊ ಇದ್ದಾಗ ಭಾರತದಲ್ಲಿ ಮೀಟರ್ ಗೇಜ್ ತೀರ್ಮಾನ ಆಯಿತು. ಅಲ್ಲಿಯೂ ಅದೇ ಕಾರಣ, ಖರ್ಚು ಕಡಿಮೆ ಅಂತ. ಅವರ 1,067ಕ್ಕೂ ನಮ್ಮ 1,000ಕ್ಕೂ ಇರುವ ಅಂತರ ನಾಲ್ಕು ಬೆರಳು. ಅಂದರೆ ಮಿರಜ್‌ನಲ್ಲಿ ಅವ್ವ ಟ್ರಂಕು ಇಳಿಸಿದ್ದಕ್ಕೂ, ಟಕೆಯೊದಲ್ಲಿ ನಾವು ಬ್ಯಾಗು ಇಳಿಸಿದ್ದಕ್ಕೂ ಬೇರು ಒಂದೇ ಕಾಲದ್ದು, ಒಂದೇ ಥರದ ಲೆಕ್ಕಾಚಾರದ್ದು. ಅವ್ವ ಸುಮ್ನೆ ನೋಡಿ ಹೇಳಿದಳು. ನನಗೆ ಅದು ಗೊತ್ತಾಗಲು ಎರಡು ತಿಂಗಳ ಓದು ಬೇಕಾಯಿತು.

[ದೃಶ್ಯ: ಕೈಯಲ್ಲಿ ಬಳೆ. ಮೇಲಕ್ಕೆ ಕೆಳಕ್ಕೆ ಸರಿಸುವುದು.]

ಹಾಗಾದರೆ ಗಾಡಿಯ ಚಕ್ರವನ್ನೇ ಸರಿಸಬಹುದಲ್ಲ ಅಂತ ನೀವು ಕೇಳಬಹುದು. ಜಪಾನ್ ಅದನ್ನೇ ಮಾಡಹೊರಟಿತ್ತು. ಈ ಬಳೆ ಕೈ ಮೇಲೆ ಸರಿಯುತ್ತೆ ನೋಡಿ, ಹಾಗೆ ಚಕ್ರ ಅಚ್ಚಿನ ಮೇಲೆ ಹೊರಕ್ಕೂ ಒಳಕ್ಕೂ ಸರಿಯಬೇಕು. ಒಂದು ವಿಶೇಷ ಹಳಿಯ ಮೇಲೆ ಗಾಡಿ ನಿಧಾನಕ್ಕೆ ಹೋಗುವಾಗ ಬೀಗ ಬಿಚ್ಚಿ, ಚಕ್ರ ಸರಿದು, ಮತ್ತೆ ಬೀಗ ಬೀಳಬೇಕು. ಸ್ಪೇನಿನಲ್ಲಿ ಟಾಲ್ಗೊ ಗಾಡಿಗಳು 1969ರಿಂದಲೇ ಗೇಜ್ ಬದಲಿಸಿಕೊಂಡು ಓಡುತ್ತಿವೆ. ಆದರೆ ಅವುಗಳಲ್ಲಿ ಎರಡು ಚಕ್ರಗಳನ್ನು ಜೋಡಿಸುವ ಉದ್ದನೆಯ ಅಚ್ಚು ಇರುವುದಿಲ್ಲ. ಜಪಾನಿನ ಗಾಡಿಯಲ್ಲಿ ಬೋಗಿಗಳ ಕೆಳಗೇ ಮೋಟಾರು. ಅದು ಅಚ್ಚನ್ನು ತಿರುಗಿಸಬೇಕು, ಅದೇ ಅಚ್ಚಿನ ಮೇಲೆ ಚಕ್ರವೂ ಸರಿಯಬೇಕು.

2014ರ ಅಕ್ಟೋಬರ್‌ನಲ್ಲಿ ದೊಡ್ಡ ಪರೀಕ್ಷೆ ಶುರುವಾಯಿತು. ಎರಡು ತಿಂಗಳೂ ಆಗಲಿಲ್ಲ, ನಿಲ್ಲಿಸಿದರು. ಬಿಚ್ಚಿ ನೋಡಿದರೆ ಚಕ್ರ ಸರಿಯುವ ಜಾಗದಲ್ಲಿ ಅಚ್ಚು ಸವೆದಿತ್ತು. ವೇಗದ ಗಾಡಿಯಲ್ಲಿ ಸವೆತ ಅಂದರೆ ಆಟವಲ್ಲ. ಅದನ್ನು ಸರಿಮಾಡಿದರೂ ಸಾಮಾನ್ಯ ಶಿಂಕಾನ್ಸೆನ್‌ಗೆ ಹೋಲಿಸಿದರೆ ಖರ್ಚು ಸುಮಾರು ಎರಡು ಪಟ್ಟು. 2017ರಲ್ಲಿ ಗಾಡಿ ಓಡಿಸುವ ಕಂಪನಿ ಜೆಆರ್ ಕ್ಯುಶು ಬೇಡ ಅಂದಿತು, 2018ರಲ್ಲಿ ಸರ್ಕಾರವೂ ಈ ಮಾರ್ಗಕ್ಕೆ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ನಾಗಸಾಕಿ ಕಡೆ ಸುರಂಗ, ಸೇತುವೆಗಳ ಕೆಲಸ ಜೋರಾಗಿ ನಡೆದಿತ್ತು. ಆದಷ್ಟು ಓಡಿಸೋಣ ಅಂತ 66 ಕಿಲೋಮೀಟರ್ ಓಡಿಸಿದರು.

ಸಮಯ ಆಗ್ತಾ ಬಂತು. ಉಳಿದದ್ದು ಬೇಗ ಹೇಳ್ತೀನಿ.

ಉಳಿದ ದಾರಿಗೂ ಬುಲೆಟ್ ಟ್ರೇನಿನ ಹಳಿಯನ್ನೇ ಹಾಸಬಹುದಲ್ಲ? ಆ ದಾರಿ ಹೋಗಬೇಕಾದ್ದು ಸಾಗಾ ಪ್ರಾಂತ್ಯದಲ್ಲಿ. ಅದಕ್ಕೆ ಸಾಗಾದವರು ಯಾಕೆ ಒಪ್ಪುತ್ತಿಲ್ಲ? ಅವರಿಗೆ ಈಗಿನ ಎಕ್ಸ್‌ಪ್ರೆಸ್‌ನಲ್ಲೇ ಹಕಾತಕ್ಕೆ 40 ನಿಮಿಷದೊಳಗೆ ಹೋಗಲು ಆಗುತ್ತೆ. ಬುಲೆಟ್ ಟ್ರೇನ್ ಬಂದರೆ ಉಳಿತಾಯ ಆಗುವುದು ಸುಮಾರು 15 ನಿಮಿಷ. ಅದಕ್ಕೆ ಪ್ರಾಂತ್ಯ ತನ್ನ ಪಾಲಿನ ಭಾರೀ ದುಡ್ಡು ಕೊಡಬೇಕು. ಮೇಲಾಗಿ ಹಳೆಯ ಮಾರ್ಗದ ಗಾಡಿಗಳು ಕಡಿಮೆಯಾಗಬಹುದು ಅನ್ನುವ ಭಯ. ಆ ಭಯ ಸುಳ್ಳಲ್ಲ. ಕಾಮೊಮೆ ಶುರುವಾದ ಮೇಲೆ ಅರಿಆಕೆ ಸಮುದ್ರದ ಬದಿಯ ಹಳೆಯ ದಾರಿಯಲ್ಲಿ ಕಾಶಿಮಾ ಊರಿಗೆ ಎಕ್ಸ್‌ಪ್ರೆಸ್‌ಗಳು ತುಂಬಾ ಕಡಿಮೆಯಾದವು. ಮುಂದಿನ ಊರುಗಳಿಗಂತೂ ಕರೆಂಟ್ ಗಾಡಿಯೇ ನಿಂತು ಡೀಸೆಲ್ ಗಾಡಿ ಬಂತು. ಸಾಗಾದವರದು ಬರೀ ಹಠ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪುವುದಿಲ್ಲ. ಬೇರೆಯವರು ಬೇಗ ಹೋಗಲಿ ಅಂತ ತಮ್ಮೂರಿನ ಗಾಡಿ ಬಿಟ್ಟುಕೊಡು ಅಂದರೆ ನಮ್ಮ ಹಾವೇರಿ, ರಾಣೆಬೆನ್ನೂರಿನವರು ಸುಮ್ಮನಿರುತ್ತಾರಾ?

ಲಾಭ ಆದವರೂ ಇದ್ದಾರೆ. ಹಕಾತದಿಂದ ನಾಗಸಾಕಿಗೆ ಈಗ ಬೇಗ ಅಂದರೆ 1 ಗಂಟೆ 20 ನಿಮಿಷ, ಮೊದಲಿಗಿಂತ ಅರ್ಧ ಗಂಟೆ ಕಡಿಮೆ. ಉರೆಶಿನೊ ಅಂತ ಬಿಸಿನೀರಿನ ಬುಗ್ಗೆಗಳ, ಚಹಾ ತೋಟಗಳ ಊರಿದೆ. 1931ರಲ್ಲಿ ಅಲ್ಲಿನ ಟ್ರಾಮ್ ನಿಂತಿತ್ತು. 91 ವರ್ಷ ಆದ ಮೇಲೆ ಆ ಊರಿಗೆ ಮತ್ತೆ ಹಳಿ ಬಂತು, ಅದೂ ಬುಲೆಟ್ ಟ್ರೇನಿನದು.

ನಮಗೂ ಇದರಲ್ಲಿ ಕೆಲಸ ಇದೆ. ಮುಂಬೈ-ಅಹಮದಾಬಾದ್ ನಡುವೆ ಕಟ್ಟುತ್ತಿರುವ 508 ಕಿಲೋಮೀಟರ್ ಮಾರ್ಗ ಜಪಾನಿನ ತಂತ್ರಜ್ಞಾನದ್ದೇ. ಅದರ ಹಳಿ 1,435, ನಮ್ಮ ಉಳಿದ ಹಳಿ 1,676. ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ಹುಬ್ಬಳ್ಳಿಯಿಂದ ಮುಂಬೈಗೆ ಬಂದವರು ಅಹಮದಾಬಾದ್‌ಗೆ ಬುಲೆಟ್ ಟ್ರೇನ್ ಹಿಡಿಯಬೇಕಾದರೆ ಊರೊಳಗೆ ಬಿಕೆಸಿಗೆ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ, ಹೋಗಿಯೇ ಹತ್ತಬೇಕು. ಹಳಿ ಬೇರೆ ಆಗಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಆ ವೇಗಕ್ಕೆ ಬೇರೆ ದಾರಿ ಬೇಕು. ಆದರೆ ಬದಲಿಸುವ ಜಾಗವನ್ನು ಹೇಗೆ ಕಟ್ಟುತ್ತೇವೆ ಅನ್ನುವುದು ನಮ್ಮ ಕೈಯಲ್ಲೇ ಇದೆ. ಟಕೆಯೊದಲ್ಲಿ ಮೆಟ್ಟಿಲಿಲ್ಲ, ಗೇಟಿಲ್ಲ, ಎರಡನೇ ಟಿಕೆಟ್ ಇಲ್ಲ. ಎದುರಿನ ಗಾಡಿಗೆ ಹತ್ತಾರು ಹೆಜ್ಜೆ. ಬದಲಿಸಲು ಇರುವುದು ಮೂರೇ ನಿಮಿಷ, ಆದರೆ ಒಬ್ಬರೂ ಓಡುವುದಿಲ್ಲ. ಅವ್ವನ ಮೊಣಕಾಲು ನೋವಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

[ದೃಶ್ಯ: ಬುಲೆಟ್ ಟ್ರೇನಿನ ಒಳಗೆ. ಕಿಟಕಿ ಪಕ್ಕ ಅವ್ವ.]

ಒಳಗೆ ಹೇಗಿತ್ತು ಅಂತ ಕೇಳ್ತೀರಿ, ಗೊತ್ತು. ನಮ್ಮ ಬೋಗಿಯಲ್ಲಿ ಎರಡು-ಎರಡು ಸೀಟು, ಬಳ್ಳಿ ಚಿತ್ರದ ದಪ್ಪ ಬಟ್ಟೆ. ವಿನ್ಯಾಸ ಮಿತೊಒಕಾ ಎಯ್ಜಿ ಅವರದು. ಅವ್ವ ಕೂತ ಕೂಡಲೇ ಸೀಟಿನ ಮೇಲೆ ಕೈಯಾಡಿಸಿ, "ಗುಳೇದಗುಡ್ಡದ ಖಣ ಇದ್ದಂಗ ಐತಿ ನೋಡು" ಅಂದಳು. ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆವು. ಗಾಡಿ 260 ಕಿಲೋಮೀಟರ್ ವೇಗ ಮುಟ್ಟುತ್ತೆ, ಆದರೆ ಚಟ್ನಿಪುಡಿಯ ಮೇಲೆ ಹಾಕಿದ ಎಣ್ಣೆ ಅಲುಗಲಿಲ್ಲ. ಅರ್ಧಕ್ಕಿಂತ ಜಾಸ್ತಿ ದಾರಿ ಸುರಂಗ. ಕತ್ತಲೆ, ಬೆಳಕು, ಮತ್ತೆ ಕತ್ತಲೆ. ನಡುವೆ ಒಮ್ಮೆ ಓಮುರಾ ಕೊಲ್ಲಿಯ ನೀಲಿ ನೀರು ಕಂಡಿತು. ಅವ್ವ ತುತ್ತು ಕೈಯಲ್ಲೇ ಹಿಡಿದು ನೋಡುತ್ತಾ ಕೂತಳು. ಎರಡನೇ ಚಪಾತಿ ಮುಗಿಯುವ ಮೊದಲೇ ನಾಗಸಾಕಿ.

ಸಂಜೆ ಅದೇ ದಾರಿಯಲ್ಲಿ ವಾಪಸ್. ಹಗಲೆಲ್ಲ ತಿರುಗಾಡಿ ನನಗೆ ಜೊಂಪು ಹತ್ತಿತ್ತು. ಗಾಡಿಯಲ್ಲಿ ಇನ್ನೂ ಘೋಷಣೆ ಆಗಿರಲಿಲ್ಲ. ಯಾರೋ ಭುಜ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಅವ್ವ ಬ್ಯಾಗು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದಾಳೆ.

"ಏಳವಾ, ಮಿರಜ್ ಬಂತು."