ಬೇಲಿಗೆ ಕರೆಂಟ್ ಬಿಡೋದು ಆತ್ಮರಕ್ಷಣೆ ಅಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಅರಸೀಕೆರೆ ತಾಲೂಕಿಂದ ಎರಡು ಸಲ ವಿಚಿತ್ರ ಸುದ್ದಿ ಬಂದಿತ್ತು, ನಿಮ್ಮಲ್ಲಿ ಸುಮಾರು ಜನಕ್ಕೆ ನೆನಪಿರುತ್ತೆ. 2021ರ ಫೆಬ್ರವರಿಯಲ್ಲಿ ಹೆಂಡ್ತಿ ಮಗಳನ್ನ ಬೈಕಲ್ಲಿ ಕೂರಿಸ್ಕೊಂಡು ಹೋಗ್ತಿದ್ದ ಒಬ್ಬರ ಮೇಲೆ ಚಿರತೆ ಎಗರಿತು, ಅವರು ಬಿಟ್ಟು ಓಡ್ಲಿಲ್ಲ, ಬರಿಗೈಯಲ್ಲೇ ಅದರ ಕುತ್ತಿಗೆ ಹಿಸುಕಿ ಸಾಯಿಸಿದ್ರು, ಮುಖದ ತುಂಬ ಗಾಯ ಆಗಿದ್ದ ಅವರ ಫೋಟೋ ಎಲ್ಲರ ಮೊಬೈಲಿಗೂ ಬಂತು. ಆಮೇಲೆ 2023ರ ಜುಲೈನಲ್ಲಿ ಬಾಗಿವಾಳು ಊರಿನ ಯುವಕರೊಬ್ಬರು ತೋಟಕ್ಕೆ ಹೋಗುವಾಗ ಮೇಲೆ ಬಿದ್ದ ಚಿರತೆಯ ಕಾಲು ಹಗ್ಗದಲ್ಲಿ ಕಟ್ಟಿ ಬೈಕಿನ ಹಿಂದೆ ಹಾಕ್ಕೊಂಡು ಬಂದು ಜೀವಂತವಾಗಿ ಅರಣ್ಯ ಇಲಾಖೆಗೇ ಒಪ್ಪಿಸಿದ್ರು.

ಎರಡು ಸಲಾನೂ ಜನ ಕೇಳಿದ್ದು ಒಂದೇ ಪ್ರಶ್ನೆ, ಚಿರತೆ ಮುಟ್ಟಿದ್ರೆ ಕೇಸ್ ಆಗಲ್ವಾ? ಪ್ರಾಣ ಉಳಿಸ್ಕೊಳ್ಳೋಕೆ ಮಾಡಿದ್ರೆ ಆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಓದಿ ನೋಡಿ, ತನ್ನ ಪ್ರಾಣ ಅಥವಾ ಇನ್ನೊಬ್ಬರ ಪ್ರಾಣ ಉಳಿಸೋಕೆ ಸದ್ಭಾವನೆಯಿಂದ ಕಾಡುಪ್ರಾಣಿಯನ್ನ ಕೊಂದ್ರೆ, ಗಾಯ ಮಾಡಿದ್ರೆ ಅದು ಅಪರಾಧ ಅಲ್ಲ ಅಂತ ಸ್ಪಷ್ಟವಾಗಿದೆ. ಸತ್ತ ಪ್ರಾಣಿ ಸರ್ಕಾರದ್ದು, ಅದರ ಉಗುರು ಚರ್ಮ ಮುಟ್ಟೋಹಂಗಿಲ್ಲ, ಅಷ್ಟೇ. ಆದ್ರೆ ಅಲ್ಲಿ ಹೇಳಿರೋದು ಮನುಷ್ಯರ ಪ್ರಾಣದ ಬಗ್ಗೆ ಮಾತ್ರ, ಜೋಳ ಅಂತಿಲ್ಲ, ಕಬ್ಬು ಅಂತಿಲ್ಲ. ಬೆಳೆ ಹಾಳಾಗ್ತಿದೆ ಅಂತ ಪ್ರಾಣಿ ಹೊಡೀಬೇಕಾದ್ರೆ ಇಲಾಖೆಯಿಂದ ಲಿಖಿತ ಅನುಮತಿ ಬೇಕು.

ನಾನಿವತ್ತು ಮಾತಾಡ್ಬೇಕು ಅಂತ ಬಂದಿರೋದು ಇದರ ಬಗ್ಗೇನೇ, ಯಾಕಂದ್ರೆ ನಮ್ಮ ಹಳ್ಳಿಗಳಲ್ಲಿ ಹಂದಿ ಕಾಟಕ್ಕೆ ಬೇಲಿಗೆ ಕರೆಂಟ್ ಬಿಡೋರು ಇನ್ನೂ ಇದ್ದಾರೆ, ಕೇಳಿದ್ರೆ "ನನ್ನ ಜಮೀನು, ನನ್ನ ಬೆಳೆ, ಕಾಪಾಡ್ಕೊಳ್ಳೋ ಹಕ್ಕು ನಂಗಿಲ್ವಾ" ಅಂತಾರೆ. ಅವರ ಸಂಕಟ ಸುಳ್ಳಲ್ಲ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದ್ರೆ ತೆನೆ ಕಟ್ಟಿದ ಜೋಳ ಬೆಳಗ್ಗೆ ಹೊತ್ತಿಗೆ ನೆಲಕ್ಕೆ ಮಲಗಿರುತ್ತೆ, ಸಾಲ ಹಾಗೇ ಇರುತ್ತೆ, ಪರಿಹಾರಕ್ಕೆ ಅರ್ಜಿ ಹಾಕಿ ಅಲೆದಾಡಿದೋರಿಗೇ ಗೊತ್ತು ಅದರ ಕಷ್ಟ. ಆದ್ರೂ ಹೇಳ್ತೀನಿ, ಆ ತಂತಿ ಹಂದಿಗೆ ಕಟ್ಟಿದ್ದು ಅಂತ ನಾವಂದ್ಕೊಂಡಿರ್ತೀವಿ, ಕೊನೆಗೆ ಅದಕ್ಕೆ ಸಿಕ್ಕೋದು ಮನೆಯೋರೇ, ಪಕ್ಕದ ಹೊಲದೋರೇ.

ಹೇಗೆ ಕಟ್ತಾರೆ ಅಂತ ಸ್ವಲ್ಪ ಹತ್ರದಿಂದ ನೋಡಿ. ಕತ್ತಲಾದ್ಮೇಲೆ ಪಂಪ್‌ಸೆಟ್ಟಿನ ಲೈನಿಗೋ ಕಂಬದ ವೈರಿಗೋ ಒಂದು ಕೊಂಡಿ ಹಾಕ್ತಾರೆ. ಅಲ್ಲಿಂದ ತೆಳ್ಳಗಿರೋ ಬೈಂಡಿಂಗ್ ವೈರ್, ಮಂಡಿಗಿಂತ ಕೆಳಗೆ, ಬಿದಿರು ಗೂಟದಿಂದ ಗೂಟಕ್ಕೆ. ಇನ್ಸುಲೇಶನ್ ಇಲ್ಲ, ಫ್ಯೂಸಿಲ್ಲ, ಬೋರ್ಡಿಲ್ಲ. ಹುಲ್ಲಿನ ಮಧ್ಯೆ ಹಗಲಲ್ಲೇ ಕಣ್ಣಿಗೆ ಕಾಣಲ್ಲ, ಇನ್ನು ರಾತ್ರಿ ಹೇಗೆ ಕಾಣುತ್ತೆ. 230 ವೋಲ್ಟ್ ನಿಲ್ಲದೆ ಹರೀತಾ ಇರುತ್ತೆ, ಇಬ್ಬನಿಗೆ ಮಣ್ಣು ಒದ್ದೆ, ಕಾಲು ಬರಿಗಾಲು, ತಾಗಿದ ತಕ್ಷಣ ಸ್ನಾಯು ಬಿಗಿಯುತ್ತೆ, ಕೈಯಲ್ಲಿ ಹಿಡಿದ್ರೆ ಬಿಡೋಕೇ ಆಗಲ್ಲ. ಮತ್ತೆ ರಾತ್ರಿ ಹೊಲದಲ್ಲಿ ಯಾರು ಓಡಾಡ್ತಾರೆ ಹೇಳಿ, ನಮ್ಮ ರೈತರೇ ತಾನೆ. ತ್ರೀ ಫೇಸ್ ಕರೆಂಟ್ ಎಷ್ಟೋ ಕಡೆ ಬರೋದೇ ರಾತ್ರಿ ಪಾಳಿಯಲ್ಲಿ, ಮೋಟರ್ ಹಾಕೋಕೆ, ಮಡೆ ತಿರುವೋಕೆ ಟಾರ್ಚ್ ಹಿಡ್ಕೊಂಡು ಹೋಗ್ಲೇಬೇಕು. ಅಂದ್ರೆ ಮೋಟರಿಗೆ ಕರೆಂಟ್ ಬರೋ ಹೊತ್ತಲ್ಲೇ ಮನುಷ್ಯ ಹೊಲದಲ್ಲಿರ್ತಾನೆ, ಆ ಹೊತ್ತಲ್ಲೇ ತಂತಿಯಲ್ಲೂ ಕರೆಂಟ್ ಇರುತ್ತೆ. ಇದು ಗೊತ್ತಿದ್ದೂ ರಾತ್ರಿ ಪಾಳಿ ಇಟ್ಟಿರೋದು ನಂಗೆ ಇವತ್ತಿಗೂ ಒಪ್ಪೋಕಾಗಲ್ಲ, ಪಂಪ್‌ಸೆಟ್ಟಿಗೆ ಹಗಲೇ ತ್ರೀ ಫೇಸ್ ಕೊಡ್ಬೇಕು.

ಈಗ ಕಾನೂನಿಗೆ ಬರೋಣ. ನನ್ನ ಆಸ್ತಿ ಕಾಪಾಡೋಕೆ ಕರೆಂಟ್ ಬಿಡಬಹುದಾ ಅನ್ನೋ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1963ರಲ್ಲೇ ಉತ್ತರ ಕೊಟ್ಟಾಗಿದೆ, ಚೆರುಬಿನ್ ಗ್ರೆಗರಿ ಅನ್ನೋನ ಕೇಸಲ್ಲಿ. ಬಿಹಾರದ್ದು. ಪಕ್ಕದ ಮನೆಯ ಕಕ್ಕಸಿನ ಗೋಡೆ ಬಿದ್ದುಹೋಗಿ ಮರೆ ಇಲ್ಲದಂತಾಯ್ತು, ಆ ಮನೆ ಹೆಂಗಸು ಈತನ ಕಕ್ಕಸಿಗೆ ಬರೋಕೆ ಶುರು ಮಾಡಿದ್ರು. ಈತನಿಗೆ ಸಿಟ್ಟು. ಬೇಡ ಅಂತ ಹೇಳಿ ನೋಡಿದ, ಕೇಳ್ಲಿಲ್ಲ, ಕಕ್ಕಸಿಗೆ ಹೋಗೋ ದಾರಿಗೆ ಅಡ್ಡವಾಗಿ ಬರೀ ತಾಮ್ರದ ತಂತಿ ಕಟ್ಟಿ ಮನೆ ವೈರಿಂಗಿಂದ ಕರೆಂಟ್ ಬಿಟ್ಟ. ಯಾರಿಗೂ ಹೇಳ್ಲಿಲ್ಲ. ಆಕೆ ಒಳಗೆ ಹೋಗುವಾಗ ತಂತಿ ತಾಗ್ಲಿಲ್ಲ, ವಾಪಸ್ ಬರುವಾಗ ಕೈ ತಾಗ್ತು, ಸ್ವಲ್ಪ ಹೊತ್ತಿಗೆ ಜೀವ ಹೋಯ್ತು. ಒಂದು ಮರೆ ಬೇಕಿತ್ತು ಆ ತಾಯಿಗೆ, ಅಷ್ಟೇ. ಅವಳು ಅತಿಕ್ರಮ ಪ್ರವೇಶ ಮಾಡಿದ್ಲು, ನನ್ನ ಆಸ್ತಿ ಕಾಪಾಡ್ಕೊಂಡೆ ಅಂತ ಈತ ವಾದ ಮಾಡಿದ. ಕೋರ್ಟ್ ಒಪ್ಲಿಲ್ಲ. ಅನುಮತಿ ಇಲ್ಲದೆ ಒಳಗೆ ಬಂದ ಮಾತ್ರಕ್ಕೆ ಅವರ ಮೇಲೆ ಕೈಮಾಡೋ ಹಕ್ಕು ನಿಮಗೆ ಬರಲ್ಲ, ಕೈಯಿಂದ ಮಾಡೋಹಂಗಿಲ್ಲ ಅಂದ್ಮೇಲೆ ಹೀಗೆ ಬಲೆ ಒಡ್ಡಿಯೂ ಮಾಡೋಹಂಗಿಲ್ಲ ಅಂತ ಹೇಳಿ ಶಿಕ್ಷೆ ಎತ್ತಿಹಿಡೀತು.

ಅಮೆರಿಕದ ಅಯೋವಾ ರಾಜ್ಯದಲ್ಲೂ ಇಂಥದ್ದೇ ನಡೆದಿತ್ತು. ಯಾರೂ ವಾಸ ಇಲ್ಲದ ಹಳೇ ತೋಟದ ಮನೆಗೆ ಪದೇಪದೇ ಕಳ್ಳರು ನುಗ್ತಾರೆ ಅಂತ ಮಾಲೀಕರು ಒಳಗಿನ ಕೋಣೆ ಬಾಗಿಲಿಗೆ ಬಂದೂಕು ಕಟ್ಟಿದ್ರು, ಬಾಗಿಲು ತೆಗೆದ್ರೆ ಗುಂಡು ಹಾರೋ ಹಾಗೆ. ಹಳೇ ಬಾಟಲಿ ಜಾಡಿ ಎತ್ಕೊಂಡು ಹೋಗೋಕೆ ಬಂದವನ ಕಾಲಿಗೆ ಗುಂಡು ಬಿತ್ತು. ಅವನೇ ಕೇಸ್ ಹಾಕಿದ, 1971ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅವನಿಗೆ ಒಟ್ಟು 30,000 ಡಾಲರ್ ಕೊಡ್ಬೇಕು ಅನ್ನೋ ತೀರ್ಪನ್ನ ಎತ್ತಿಹಿಡೀತು. ಕಳ್ಳನಿಗೆ ದುಡ್ಡಾ ಅಂತ ಜನ ರೇಗಿದ್ರು. ನಂಗೆ ಮಾತ್ರ ಆ ತೀರ್ಪು ಸರಿ ಅನ್ಸುತ್ತೆ, ಯಾಕಂದ್ರೆ ಅವತ್ತು ಬಾಗಿಲು ತೆಗೆದೋನು ಕಳ್ಳ ಆಗಿದ್ದ, ಇನ್ನೊಂದಿನ ಬೆಂಕಿ ಆರಿಸೋಕೆ ಬಂದೋನು ಆಗಿರಬಹುದಿತ್ತು, ಚೆಂಡು ಹುಡುಕ್ಕೊಂಡು ಬಂದ ಮಗು ಆಗಿರಬಹುದಿತ್ತು.

ಹಾಗಂತ ಕಾನೂನು ನಮ್ಮನ್ನ ಕೈಕಟ್ಟಿ ನಿಲ್ಲು ಅಂತ ಹೇಳಿಲ್ಲ. 2024ರ ಜುಲೈ 1ರಿಂದ ಹಳೇ ಐಪಿಸಿ ಬದಲಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್ ಪೂರ್ತಿ ಆತ್ಮರಕ್ಷಣೆಗೇ ಇದೆ. ಸಾಯಿಸ್ತಾನೆ ಅನ್ನೋ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಇಂಥ ಹೊತ್ತಲ್ಲಿ ಎದುರಿನವನ ಪ್ರಾಣ ಹೋಗೋವರೆಗೂ ಹೊಡೆಯೋ ಹಕ್ಕಿದೆ. ಆಗ ಮೈಮೇಲೆ ಬಿದ್ದವನಿಗೆ ಎಷ್ಟು ಏಟು ಕೊಟ್ರೆ ಸಾಕು ಅಂತ ತಕ್ಕಡಿಯಲ್ಲಿ ತೂಗೋಕಾಗಲ್ಲ ಅಂತ ಕೋರ್ಟುಗಳೇ ಎಷ್ಟೋ ಸಲ ಹೇಳಿವೆ. ರಾತ್ರಿ ಮನೆ ಬಾಗಿಲು ಮುರಿದು ನುಗ್ಗೋನ ವಿಷಯದಲ್ಲೂ ಅಷ್ಟೇ ಬಲವಾದ ಹಕ್ಕಿದೆ. ತೋಟದಲ್ಲಿ ತೆಂಗಿನಕಾಯಿ ಕೀಳೋನಿಗೆ ಅದು ಅನ್ವಯಿಸಲ್ಲ, ಅವನನ್ನ ಹಿಡೀಬಹುದು, ತಡೀಬಹುದು, ಪ್ರಾಣ ತೆಗೆಯೋಹಂಗಿಲ್ಲ. ಈ ಹಕ್ಕು ಅಪಾಯ ಎದುರಿಗಿರೋವರೆಗೆ ಮಾತ್ರ, ಪೊಲೀಸರನ್ನ ಕರೆಯೋಕೆ ಸಮಯ ಇದ್ರೆ ಅದೂ ಇಲ್ಲ. ನೀವು ಮನೇಲಿ ನಿದ್ದೆ ಮಾಡ್ತಿರುವಾಗ ಹೊಲದ ತಂತಿ ಯಾರನ್ನ ಹಿಡೀತು ಅಂತ ನಿಮಗೇ ಗೊತ್ತಿರಲ್ಲ, ಅದನ್ನ ಯಾವ ಜಡ್ಜ್ ಮುಂದೆ ಆತ್ಮರಕ್ಷಣೆ ಅಂತ ಹೇಳ್ತೀರಿ?

ಪೆಪ್ಪರ್ ಸ್ಪ್ರೇ ವಿಷಯಾನೂ ಇಲ್ಲೇ ಹೇಳ್ಬಿಡ್ತೀನಿ. ಜಾಗದ ತಕರಾರಿನಲ್ಲಿ ಸೆಕ್ಯುರಿಟಿ ಗಾರ್ಡ್ ಮೇಲೆ ಸ್ಪ್ರೇ ಮಾಡಿದ ಕೇಸನ್ನ ರದ್ದು ಮಾಡೋಕೆ 2024ರಲ್ಲಿ ನಮ್ಮ ಹೈಕೋರ್ಟ್ ಒಪ್ಲಿಲ್ಲ, ಪ್ರಾಣಕ್ಕೆ ಅಪಾಯ ಇರ್ಲಿಲ್ಲ, ಇದೂ ಅಪಾಯಕಾರಿ ಆಯುಧಾನೇ ಅಂತ ಹೇಳ್ತು. ಹೆಣ್ಣುಮಕ್ಕಳು ಬ್ಯಾಗಲ್ಲಿ ಇಟ್ಕೊಳ್ಳೋದು ಬಿಡಬೇಡಿ, ಜಗಳಕ್ಕೆ ತೆಗೀಬೇಡಿ.

ಬೇಲಿ ವಿಷಯದಲ್ಲಿ ಇನ್ನೊಂದು ಮಾತು. ತಂತಿಗೆ ಸಿಕ್ಕಿ ಯಾರಾದ್ರೂ ಸತ್ರೆ ಹಳೇ ಕಾನೂನಲ್ಲಿ ನಿರ್ಲಕ್ಷ್ಯದ ಸಾವಿಗೆ ಎರಡು ವರ್ಷದವರೆಗೆ ಇತ್ತು, ಈಗ ಐದು ವರ್ಷದವರೆಗೆ, ಸಾಯ್ತಾರೆ ಅಂತ ಗೊತ್ತಿದ್ದೇ ಬಿಟ್ಟಿದ್ದು ಅಂತಾದ್ರೆ ಇನ್ನೂ ದೊಡ್ಡ ಕೇಸು, ಜೊತೆಗೆ ಕರೆಂಟ್ ಕಳ್ಳತನದ್ದು ಬೇರೆ. ಆನೆ ಸತ್ರೆ ವನ್ಯಜೀವಿ ಕಾಯ್ದೆ. ಬೇಲಿ ಬೇಕೇಬೇಕು ಅಂದ್ರೆ ಸೋಲಾರ್ ಬೇಲಿ ಹಾಕಿ, ಮಲೆನಾಡಿನ ಕಡೆ ಐಬೆಕ್ಸ್ ಬೇಲಿ ಅಂತಾರಲ್ಲ ಅದೇ. ಅದರ ಮೆಷಿನ್ ಸೆಕೆಂಡಿಗೊಂದು ಸಲದ ಲೆಕ್ಕದಲ್ಲಿ ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು ಶಾಕ್ ಕೊಟ್ಟು ನಿಲ್ಲುತ್ತೆ, ಆ ನಡುವೆ ಕೈ ಕಾಲು ಬಿಡಿಸ್ಕೋಬಹುದು, ಹಂದಿ ಬೆದರಿ ಓಡುತ್ತೆ, ಜೀವ ಹೋಗಲ್ಲ. ಆದ್ರೆ ಬ್ಯಾಟರಿ ಕೆಟ್ಟಿದೆ ಅಂತ ಒಂದಿನಕ್ಕೂ ಅದೇ ತಂತಿಯನ್ನ ಲೈನಿಗೆ ಕೊಡಬೇಡಿ.

ಯಾರಾದ್ರೂ ತಂತಿಗೆ ಸಿಕ್ಕಿದ್ದು ಕಂಡ್ರೆ ಓಡಿಹೋಗಿ ಮುಟ್ಟಬೇಡಿ, ಬಿಡಿಸೋಕೆ ಹೋದೋರೂ ಅಲ್ಲೇ ಸಾಯೋದು ಹೀಗೇನೇ. ಮೊದಲು ಸ್ವಿಚ್ ಆಫ್ ಮಾಡಿಸಿ, 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ, 108ಕ್ಕೂ ಮಾಡಿ. ಲೈನ್ ಆಫ್ ಆಗಿದೆ ಅಂತ ಖಾತ್ರಿ ಆದ್ಮೇಲೇನೇ ಹತ್ರ ಹೋಗಿ. ಉಸಿರು ನಿಂತಿದ್ರೆ ಆಂಬುಲೆನ್ಸ್ ಬರೋವರೆಗೂ ಎದೆ ಮಧ್ಯೆ ಎರಡೂ ಕೈಯಿಟ್ಟು ಜೋರಾಗಿ, ಬೇಗಬೇಗ ಒತ್ತುತಾ ಇರಿ, ನಿಲ್ಲಿಸಬೇಡಿ. ನಮಸ್ಕಾರ.